ಯಾರು ಯಾರ ಕಡೆಯವರು?

“ಒಂದ ಧರ್ಮದವ್ರು ಒಂದ ಕಡೆ ಆಗೂದ ರೀ, ಅದರಾಗ ಹೊಸಾದ ಏನೈತಿ?” ಅಂದರು ಬೇಲಿಯಾಚೆಯ ಕಾಕಾ. ಯಾವ ದೇಶದ ಬೆನ್ನಿಗೆ ಯಾವ ದೇಶ ನಿಂತಿದೆ ಅಂತ ಟಿವಿ ನೋಡಿ ಬಂದಿದ್ದರು.

ಕಾಕಾ ಮೂಲತಃ ಖಾನಾಪುರ ತಾಲ್ಲೂಕಿನವರು. ಆ ಕಡೆಯವರಿಗೆ 1961ರವರೆಗೂ ವಿದೇಶ ದೂರವೇನೂ ಇರಲಿಲ್ಲ. ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಪೋರ್ಚುಗೀಸರ ರಾಜ್ಯ. “ಹಂಗಾರ ಗೋವಾದ ಲೆಕ್ಕಾನ ಹಾಕೂಣ ತಡೀರಿ ಕಾಕಾ” ಅಂದೆ.

ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಗೋವಾವನ್ನು ವಸಾಹತು ಎಂದು ಒಪ್ಪುತ್ತಲೇ ಇರಲಿಲ್ಲ. ಅದು ಪೂರ್ವದಲ್ಲಿ ಉಳಿದಿರುವ ಕ್ಯಾಥೊಲಿಕ್ ನಾಗರಿಕತೆಯ ನೆಲ, ಬಿಟ್ಟುಕೊಟ್ಟರೆ ಧರ್ಮವನ್ನೇ ಬಿಟ್ಟುಕೊಟ್ಟಂತೆ ಎಂಬುದು ಪಶ್ಚಿಮದ ದೇಶಗಳ ಮುಂದೆ ಅವನ ವಾದ. 1955ರ ಜುಲೈನಲ್ಲಿ ನೆಹರೂ ರೋಮ್‌ಗೆ ಹೋಗಿ ಹನ್ನೆರಡನೆಯ ಪಯಸ್ ಪೋಪರನ್ನು ಕಂಡರು. ಗೋವಾದ್ದು ರಾಜಕೀಯದ ಪ್ರಶ್ನೆ, ಧರ್ಮದ್ದಲ್ಲ ಎಂಬುದನ್ನು ಪೋಪರೂ ಒಪ್ಪಿದರು ಎಂದು ಹೊರಗೆ ಬಂದು ಹೇಳಿದರು. ಸಲಾಜಾರನ ವಾದದ ಬುಡವೇ ಅಲ್ಲಾಡಿತು.

ಆದರೆ ನಮ್ಮ ಬೆಳಗಾವಿಗೆ ಅದು ಎರಡು ವರ್ಷ ಮೊದಲೇ ಗೊತ್ತಾಗಿತ್ತು. 1953ರ ಸೆಪ್ಟೆಂಬರ್ 19ರಂದು ಇದೇ ಪೋಪರು ಬೆಳಗಾವಿಯನ್ನು ಬೇರೆ ಧರ್ಮಪ್ರಾಂತವಾಗಿ ಮಾಡಿದರು. ಅದರೊಂದಿಗೆ ಗೋವಾದ ಆರ್ಚ್‌ಬಿಷಪ್ಪರ ಕೈಕೆಳಗಿದ್ದ ಈ ಕಡೆಯ ಚರ್ಚುಗಳು ಅವರ ಆಡಳಿತದಿಂದ ಹೊರಬಂದವು. ಪೋರ್ಚುಗಲ್ಲಿನ ರಾಜರಿಗೆ ಇಲ್ಲಿನ ಬಿಷಪ್ಪರ ಹೆಸರು ಸೂಚಿಸುವ ಹಕ್ಕು ಶತಮಾನಗಳಿಂದ ಇದ್ದದ್ದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಕ್ಯಾಂಪಿನ ಕ್ಯಾಥೆಡ್ರಲ್ ಫಾತಿಮಾ ಮಾತೆಯದು. ಫಾತಿಮಾ ಇರುವುದು ಪೋರ್ಚುಗಲ್ಲಿನಲ್ಲಿ. ಆ ಊರಿನ ಮಾತೆಗೆ ಕೈಮುಗಿಯುವುದಕ್ಕೂ ಆ ದೇಶದ ಸರ್ಕಾರಕ್ಕೆ ತಲೆಬಾಗುವುದಕ್ಕೂ ಸಂಬಂಧವೇ ಇರಲಿಲ್ಲ. ಯಾವುದೋ ದೇಶ ಯಾರದೋ ಪಕ್ಷ ಹಿಡಿಯಿತೆಂದು ಅದೇ ಧರ್ಮದ ನಮ್ಮ ನೆರೆಮನೆಯವರನ್ನು ಓರೆಗಣ್ಣಿನಿಂದ ನೋಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಂಥವರು ಒಮ್ಮೆ ಕ್ಯಾಂಪಿನ ಕಡೆ ಹೋಗಿಬರಲಿ.

“ಕ್ಯಾಸಲ್‌ರಾಕ್ ಕಾಡಿನಾಗ ರೇಡಿಯೊ ಇತ್ತಂತಲ್ರಿ?” ಕಾಕಾ ನಡುವೆ ಕೇಳಿದರು. ಇತ್ತು. ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ಗೋವಾದ ಬಿಡುಗಡೆಗಾಗಿ 1955ರ ನವೆಂಬರ್‌ನಿಂದ ನಡೆಸಿದ ಗುಪ್ತ ರೇಡಿಯೊ ಅದು. ಮೊದಲು ಅಂಬೋಲಿಯ ಕಾಡು, ಆಮೇಲೆ ನಮ್ಮ ಲೋಂಡಾದಾಚೆಯ ಕ್ಯಾಸಲ್‌ರಾಕ್. ಲಾರಿಯೊಳಗೆ ಪ್ರಸಾರದ ಯಂತ್ರ, ಸುತ್ತ ಮಲೆನಾಡಿನ ಮಳೆ, ಜಿಗಣೆ. ದಿನವೂ ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ಮಾತು. ಆಕೆ ಕ್ರಿಶ್ಚಿಯನ್, ಆತ ಹಿಂದೂ. ಆರು ವರ್ಷ ಹಾಗೇ ಕಳೆದು, ಮುಂದೆ ಮದುವೆಯೂ ಆದರು.

1961ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲೇ ಸೇನೆ ಜಮಾಯಿಸಿತು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಜನ್, ಸಾಂಬ್ರಾದಿಂದ ವಿಮಾನಗಳು, ಒಂದು ಬ್ರಿಗೇಡ್ ಅನಮೋಡದ ದಾರಿ ಹಿಡಿಯಿತು. ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತ ಗೋವಾದಿಂದ ಹಿಂದೆ ಸರಿಯಬೇಕೆಂಬ ನಿರ್ಣಯ ಬಂತು. “ಈಗ ಧರ್ಮದ ಲೆಕ್ಕ ಹಾಕ್ರಿ ಕಾಕಾ” ಅಂದೆ.

ನಿರ್ಣಯದ ಪರ ಏಳು: ಅಮೆರಿಕ, ಬ್ರಿಟನ್, ಫ್ರಾನ್ಸ್, ಚಿಲಿ, ಈಕ್ವೆಡಾರ್, ತೈವಾನಿನ ಚೀನಾ ಸರ್ಕಾರ, ಟರ್ಕಿ. ವಿರೋಧ ನಾಲ್ಕು: ದೇವರನ್ನೇ ಒಪ್ಪದ ಸೋವಿಯತ್ ರಷ್ಯಾ, ಬೌದ್ಧರ ಸಿಲೋನ್, ಮುಸ್ಲಿಮರ ಈಜಿಪ್ಟು, ಕ್ರೈಸ್ತರೇ ಆಳುತ್ತಿದ್ದ ಲೈಬೀರಿಯಾ. ರಷ್ಯಾ ವೀಟೊ ಹಾಕಿತು, ನಿರ್ಣಯ ಬಿತ್ತು.

“ಟರ್ಕಿ ಯಾಕ್ರಿ ಅವರ ಕಡೆ ಹೋತು?”

ಅದು ನ್ಯಾಟೊ ಸದಸ್ಯ, ಪೋರ್ಚುಗಲ್ಲೂ ನ್ಯಾಟೊ ಸದಸ್ಯ. ಕೆನಡಿ ಅಮೆರಿಕದ ಮೊದಲ ಕ್ಯಾಥೊಲಿಕ್ ಅಧ್ಯಕ್ಷರು ನಿಜ, ಆದರೆ ಅವರಿಗೆ ಬೇಕಾಗಿದ್ದದ್ದು ಅಜೋರ್ಸ್ ದ್ವೀಪದಲ್ಲಿದ್ದ ವಾಯುನೆಲೆ; ಅದರ ಒಪ್ಪಂದದ ಅವಧಿ 1962ರಲ್ಲಿ ಮುಗಿಯುವುದಿತ್ತು. ಲೈಬೀರಿಯಾದ ಅಧ್ಯಕ್ಷ ಟಬ್‌ಮನ್ ಚರ್ಚಿನಲ್ಲಿ ಬೋಧಿಸುತ್ತಿದ್ದವರು, ಆದರೆ ಅವರಿಗೆ ಅಂಗೋಲದಲ್ಲಿ ಪೋರ್ಚುಗೀಸರ ಗುಂಡಿಗೆ ಸಾಯುತ್ತಿದ್ದ ಆಫ್ರಿಕನ್ನರು ಕಾಣುತ್ತಿದ್ದರು. ನಮ್ಮವರೂ ಇದಕ್ಕೆ ಹೊರತಲ್ಲ. 1962ರ ಫೆಬ್ರವರಿಯಲ್ಲಿ ಚುನಾವಣೆ. ರಕ್ಷಣಾ ಸಚಿವ ಕೃಷ್ಣ ಮೆನನ್ ನಿಂತದ್ದು ಉತ್ತರ ಬೊಂಬಾಯಿಯಲ್ಲಿ. ಹದಿನಾಲ್ಕು ವರ್ಷ ಕಾದ ಕೆಲಸ ಚುನಾವಣೆಗೆ ಎರಡು ತಿಂಗಳಿರುವಾಗ ಆಯಿತು. ಗೋವಾ ನಮ್ಮದಾಗಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮುಹೂರ್ತ ಇಡುವಾಗ ಮನೆಯೊಳಗಿನ ರಾಜಕೀಯ ಸುಮ್ಮನಿರುವುದಿಲ್ಲ.

ಕಾಕಾ ಸೋಲಲಿಲ್ಲ. “ಆದ್ರೂ ಪೋರ್ಚುಗಲ್ ಧರ್ಮಾನ ಬಿಡಲಿಲ್ಲಲ್ರಿ?”

ಬಿಡಲಿಲ್ಲ, ಬದಲಾದದ್ದು ಸರ್ಕಾರ. 1974ರ ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಸೈನಿಕರೇ ದಂಗೆಯೆದ್ದು ಸರ್ವಾಧಿಕಾರವನ್ನು ಕಿತ್ತೆಸೆದರು. ಅದೇ ಜನ, ಅದೇ ಚರ್ಚು. ಅದೇ ವರ್ಷದ ಡಿಸೆಂಬರ್ 31ರಂದು ಗೋವಾ ಭಾರತದ್ದೆಂದು ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾದ ಪೋರ್ಚುಗೀಸ್ ಆರ್ಚ್‌ಬಿಷಪ್ ಅಲ್ವೆರ್ನಾಜ್ 1962ರಲ್ಲೇ ಊರು ಬಿಟ್ಟಿದ್ದರೂ ಅವರ ರಾಜೀನಾಮೆಯನ್ನು ರೋಮ್ ಒಪ್ಪಿದ್ದು 1975ರಲ್ಲಿ, ಎರಡೂ ಸರ್ಕಾರಗಳ ನಡುವಿನ ಜಗಳ ಹರಿದ ಮೇಲೆ.