ಎಷ್ಟು ಕವಳದ ದೂರ?

ನನ್ನ ಸೋದರತ್ತೆಯವರ ಲೆಕ್ಕದಲ್ಲಿ ಭೂಮಂಡಲದ ಸಮಸ್ತ ದೂರಗಳಿಗೂ ಎಲೆಯಡಿಕೆಯ ಕವಳವೇ ಮಾನದಂಡ. ಮನೆಯಿಂದ ತೋಟಕ್ಕೆ ಅರ್ಧ ಕವಳ, ಸಾಗರದಿಂದ ಶಿವಮೊಗ್ಗೆಗೆ ಮೂರು, ಬೆಂಗಳೂರೆಂದರೆ ಸಂಚಿಯೇ ಬರಿದಾಗುವ ಪ್ರಯಾಣ. ಗಾವುದ, ಹರಿದಾರಿಗಳಿಂದ ಅಳೆಯುತ್ತಿದ್ದ ಪೂರ್ವಿಕರ ಪದ್ಧತಿಗಿಂತ ಇದು ಹೆಚ್ಚು ಶಾಸ್ತ್ರೀಯವೆಂದೇ ನನ್ನ ನಂಬಿಕೆ. ಘಟ್ಟದ ಏರಿನಲ್ಲಾಗಲಿ ಮಳೆಗಾಲದ ಕೆಸರಿನಲ್ಲಾಗಲಿ ಹರಿದಾರಿ ಬೆಳೆಯುವುದಿಲ್ಲ, ಕವಳ ಬೆಳೆಯುತ್ತದೆ.

ಇಂತಹ ಅತ್ತೆ, ಒಂದು ಚಳಿಗಾಲದಲ್ಲಿ ನಾನು ಮಗನನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟು ನಿಂತಾಗ, “ಅದೆಷ್ಟು ದೂರವೋ?” ಎಂದು ವಿಚಾರಿಸಿದರು. ಹತ್ತಿರಹತ್ತಿರ 14,000 ಕಿಲೋಮೀಟರು, ಎಂದರೆ 700 ಗಾವುದಕ್ಕೂ ಮಿಗಿಲು ಎಂದೆ. ನಂಬಲಿಲ್ಲ. ಗೋಡೆಯ ಭೂಪಟದ ಮೇಲೆ ಅಡ್ಡಪಟ್ಟಿಯಿಟ್ಟು ತೋರಿಸಹೊರಟರೆ ಅದು ಶಾಂತಸಾಗರದ ಉದ್ದಗಲವನ್ನೆಲ್ಲ ಈಜಿಸಿ ನನ್ನ ಲೆಕ್ಕವನ್ನೇ ಸುಳ್ಳಾಗಿಸಿತು. 1569ರಲ್ಲಿ ಮರ್ಕೇಟರ್ ಮಹಾಶಯನು ಉರುಟು ಭೂಮಿಯನ್ನು ಚಾಪೆಯಂತೆ ಹಾಸಿದ್ದು ನಾವಿಕರಿಗೆ ಮಹೋಪಕಾರವಾಯಿತೇ ಹೊರತು ಅತ್ತೆಯಂದಿರಿಗೆ ಉತ್ತರ ಹೇಳಬೇಕಾದವರಿಗಲ್ಲ. ಕಡೆಗೆ ಮಕ್ಕಳ ಭೂಗೋಲವನ್ನು ತಂದು, ಹೂ ಕಟ್ಟುವ ಬಾಳೆನಾರಿನ ಒಂದು ತುದಿಯನ್ನು ದೇವನಹಳ್ಳಿಯ ಮೇಲೆ ಒತ್ತಿಹಿಡಿದು ಇನ್ನೊಂದನ್ನು ಬಿಗಿಯಾಗಿ ಎಳೆದರೆ, ಆ ನಾರು ಪೂರ್ವಪಶ್ಚಿಮಗಳ ಹಂಗನ್ನೇ ತೊರೆದು ಉತ್ತರಾಭಿಮುಖವಾಗಿ ಏರಿ, ಸೈಬೀರಿಯದ ಹಿಮವನ್ನು ಸವರಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯಿತು. ವಿಮಾನವೇನೂ ನಾರಿನ ಆಜ್ಞಾಧಾರಕವಲ್ಲ, ಪಶ್ಚಿಮದಿಂದ ಬೀಸುವ ಮೇಲುಗಾಳಿಯ ಒತ್ತಾಸೆ ಸಿಕ್ಕುವತ್ತ ತಿರುಗುತ್ತದೆ ಎಂದೂ ವಿವರಿಸಿದೆ. 2021ರ ಜನವರಿಯಲ್ಲಿ ಅಲ್ಲಿಂದ ಇಲ್ಲಿಗೆ ಏರ್ ಇಂಡಿಯಾದ ನೇರ ವಿಮಾನವನ್ನು ಹೆಂಗಸರೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರೆಂಬ ಸಂಗತಿಯೊಂದೇ ಅವರಿಗೆ ರುಚಿಸಿದ್ದು.

“ಅದೆಲ್ಲ ಇರಲಿ. ಎಷ್ಟಕ್ಕೆ ಹೊರಟು ಎಷ್ಟಕ್ಕೆ ಮುಟ್ಟುತ್ತೀ?”

“ಮಧ್ಯಾಹ್ನ 2.30ಕ್ಕೆ ಹೊರಟರೆ ಅದೇ ದಿನ ಸಂಜೆ 5ಕ್ಕೆ, ಅತ್ತೆ.”

ಹಾರಾಟ 16 ಗಂಟೆಯದಾದರೂ ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುವುದೆಂಬ ಉಪಪತ್ತಿಯನ್ನು ನಾನು ಮಂಡಿಸುವ ಮೊದಲೇ ಅವರು, “ಅಯ್ಯೋ, ಶಿವಮೊಗ್ಗೆಗೆ ಹೋದ ಹಾಗಾಯಿತು” ಎಂದು ನಿರಾಳರಾಗಿ ಮೂರೇ ಮೂರು ಕವಳ ಕಟ್ಟಿಕೊಟ್ಟರು. ಮೂರನೆಯದೂ ಮುಗಿದಾಗ ಎದುರಿನ ಪರದೆ ಇನ್ನೂ 13 ಗಂಟೆಯ ದಾರಿಯನ್ನು ತೋರಿಸುತ್ತಿತ್ತು. (ಆಕಾಶದಲ್ಲಿ ಕವಳ ಮೆಲ್ಲುವವನ ಇತರ ಸಂಕಷ್ಟಗಳನ್ನು ಸಭ್ಯ ವಾಚಕರ ಮುಂದೆ ವಿಸ್ತರಿಸಲಾರೆ.)

ಮರಳುವಾಗ ಶನಿವಾರ ರಾತ್ರಿ 8.30ಕ್ಕೆ ಹೊರಟವನು ಇಳಿದದ್ದು ಸೋಮವಾರ ನಸುಕಿನಲ್ಲಿ. ಇಡೀ ಭಾನುವಾರವೊಂದು ಆಯುಷ್ಯದಿಂದ ಅಪಹೃತವಾಯಿತಲ್ಲಾ ಎಂದು ಅತ್ತೆಯೆದುರು ಹಲುಬಿದರೆ, ಅವರು ಕನಿಕರಿಸಲಿಲ್ಲ. ಕನ್ನಡಕವೇರಿಸಿ ಪಂಚಾಂಗ ತೆರೆದರು.

“ಭಾನುವಾರ ಏಕಾದಶಿ. ಊಟ ಮಾಡಿದೆಯೇನೋ?”

“ಎರಡು ಸಲ ಕೊಟ್ಟರು, ಅತ್ತೆ.”

“ಯಾವ ಊರಿನ ಭಾನುವಾರದಲ್ಲಿ?”