ಬ್ಲೇಡು ರಾಯರು

ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ಮುಗಿದು ಜನ ಹೊರಗೆ ಬಂದಾಗ ಒಮ್ಮೆ ಸುತ್ತ ಕಣ್ಣಾಡಿಸಿ. ನಾಟಕದ ಸುದ್ದಿಯನ್ನೇ ಎತ್ತದೆ, ಪಕ್ಕದವರ ಮೂಗಿಗೆ ಮೊಬೈಲು ಹಿಡಿದು ಕೆಂಪು ಮಣ್ಣಿನ ಫೋಟೊ ತೋರಿಸುವವರು ಒಬ್ಬರಾದರೂ ಸಿಗುತ್ತಾರೆ. ಅವರೇ ರಾಯರು. ಹೆಸರು ಶೆಟ್ಟರದ್ದೋ ಪೈಗಳದ್ದೋ ಆಗಿರಬಹುದು, ಮನೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರಬಹುದು. ನನಗೆ ಗುರುತಿದ್ದವರು ಮುಲುಂಡಿನವರು. ಬ್ಯಾಂಕಿನಿಂದ ನಿವೃತ್ತಿ, ಮೂರನೆಯ ಮಾಳಿಗೆಯಲ್ಲಿ ಫ್ಲ್ಯಾಟು, ಕಾರ್ಕಳದ ಆಚೆ ಒಂದು ಅಡಕೆ ತೋಟ. ಇಷ್ಟು ಸಾಮಗ್ರಿ ಇದ್ದರೆ ರಾಯರು ತಯಾರು.

ಡಾಮರು ರಸ್ತೆಯಿಂದ ತೋಟಕ್ಕೆ ಅರ್ಧ ಕಿಲೋಮೀಟರು ಮಣ್ಣಿನ ಮಾರ್ಗ. ಹಿಂದೊಮ್ಮೆ ಜೆಸಿಬಿ ತರಿಸಿ ಮಾಡಿದ್ದು. ಜೆಸಿಬಿಯವನು ಗಂಟೆ ಲೆಕ್ಕದಲ್ಲಿ ಮಾರ್ಗ ಬಿಡಿಸಿ ಹೋಗುತ್ತಾನೆ; ನೀರು ಎತ್ತ ಹೋಗಬೇಕೆಂಬುದು ಅವನ ಬಿಲ್ಲಿನಲ್ಲಿ ಬರುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ ತಾನೇ ದಾರಿ ಹುಡುಕಿಕೊಳ್ಳುತ್ತದೆ, ಹುಡುಕಿಕೊಳ್ಳುವುದು ಈ ಮಾರ್ಗವನ್ನೇ. ಚೌತಿಗೆ ಊರಿಗೆ ಹೋದ ರಾಯರ ಆಟೋ ಪ್ರತಿ ಸಲವೂ ಡಾಮರು ಮುಗಿಯುವಲ್ಲಿಗೇ ನಿಲ್ಲುತ್ತದೆ. ಊರಲ್ಲಿರುವ ತಮ್ಮನ ಮಗ ಸಣ್ಣ ಟ್ರ್ಯಾಕ್ಟರು ಇಟ್ಟುಕೊಂಡಿದ್ದಾನೆ. "ದೊಡ್ಡಪ್ಪ, ಹಿಂದೆ ಕಟ್ಟಲಿಕ್ಕೆ ಎಂತಾದರೂ ಒಂದು ತೆಗೆದುಕೊಡಿ, ನಾನೇ ಸಮ ಮಾಡ್ತೇನೆ" ಅಂದ. ಪಾಪ, ಅವನಿಗೇನು ಗೊತ್ತು, ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದವರ ಬಳಿ 'ಎಂತಾದರೂ ಒಂದು' ಎನ್ನಬಾರದೆಂದು.

ರಾಯರು ಫೈಲು ತೆರೆದರು. ಡಿಸೆಂಬರಿನಲ್ಲಿ ಪುಣೆಯ ಮೋಶಿಯಲ್ಲಿ ನಡೆಯುವ ಕಿಸಾನ್ ಮೇಳಕ್ಕೆ ಹೋಗಿ ಚೀಲದ ತುಂಬ ಕರಪತ್ರ ತಂದರು. ಜುಹೂ ಚೌಪಾಟಿಯಲ್ಲಿ ಕಸ ಎತ್ತುವ ಟ್ರ್ಯಾಕ್ಟರಿನ ಹಿಂದೆ ಮರಳಲ್ಲಿ ಚಪ್ಪಲಿ ಎಳೆಯುತ್ತ ನಡೆದು, ಹೈಡ್ರಾಲಿಕ್ ಎಷ್ಟು ಭಾರ ಎತ್ತುತ್ತದೆಂದು ಚಾಲಕನನ್ನು ಹಿಂದಿಯಲ್ಲಿ ವಿಚಾರಿಸಿದರು. ಆತ ಇವರನ್ನು ಮಹಾನಗರ ಪಾಲಿಕೆಯ ಸಾಹೇಬರೆಂದೇ ತಿಳಿದು ಇಳಿದು ಸಲಾಮು ಹೊಡೆದ. ಸೊಸೈಟಿಯ ಪಾರ್ಕಿಂಗಿನಲ್ಲಿ ಗಾರೆಯವರ ರಸಮಟ್ಟ ಇಟ್ಟು ಇಳಿಜಾರು ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಾಗ ವಾಚ್‌ಮನ್ ಬಂದು, ಏನು ಕಳೆದುಹೋಯಿತೆಂದು ತಾನೂ ಹುಡುಕತೊಡಗಿದ.

ನಾನು ಒಮ್ಮೆ ಕಾಫಿಗೆಂದು ಹೋಗಿ ಸಿಕ್ಕಿಬಿದ್ದೆ. ಮೇಜಿನ ಮೇಲೆ ಸ್ಟೀಲಿನ ಪರಾತ, ಅದರಲ್ಲಿ ಉದ್ದಕ್ಕೆ ಸುರಿದ ರವೆ. ಅವಧಿ ಮುಗಿದ ಎಟಿಎಂ ಕಾರ್ಡನ್ನು ರವೆಯ ಮೇಲೆ ಓರೆಯಾಗಿ ಎಳೆದರು. ಅಂಚಿನ ರವೆ ಜಾರುತ್ತ ಬಂದು ನಡುವೆ ಸಣ್ಣ ದಿಬ್ಬವಾಯಿತು. "ಇದು ಓರೆ ಬ್ಲೇಡು" ಅಂದರು. ಆಮೇಲೆ ಬೆಂಕಿಪೊಟ್ಟಣದ ಒಳಗಿನ ಗೂಡು ತೆಗೆದು, ಒಂದು ಬದಿ ಕತ್ತರಿಸಿ, ಬೋರಲು ಹಾಕಿ ಎಳೆದರು. ರವೆ ಗೂಡಿನೊಳಗೇ ಉಳಿದು ಮುಂದಿನ ತಗ್ಗಿಗೆ ಹೋಗಿ ಬಿತ್ತು. "ಇದು ಪೆಟ್ಟಿಗೆ ಬ್ಲೇಡು. ಮುಂದೆ ಕಬ್ಬಿಣದ ಹಲ್ಲು ಇರ್ತದೆ, ಗಟ್ಟಿ ನೆಲ ಕೆರೀಲಿಕ್ಕೆ. ಈಗ ಹೇಳಿ, ಯಾವುದು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ದನಿ ಬಂತು: "ಅದು ನಾಳೆ ಉಪ್ಪಿಟ್ಟಿಗೆ ಇಟ್ಟ ರವೆ. ಮಾರ್ಗ ಆದ ಮೇಲೆ ಡಬ್ಬಕ್ಕೆ ತುಂಬಿಸಿ."

ನಗಬಹುದು, ಆದರೆ ರಾಯರು ತಪ್ಪು ಹೇಳುವವರಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಘಾಟ್ಕೋಪರಿನಿಂದ ಮುಲುಂಡಿಗೆ ಸೊಂಟದ ನೀರಲ್ಲಿ ನಡೆದು ಬಂದವರು ಅವರು. ನೀರಿಗೆ ದಾರಿ ಕೊಡದಿದ್ದರೆ ಅದು ನಮ್ಮ ದಾರಿಯನ್ನೇ ತೆಗೆದುಕೊಳ್ಳುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಲೆಕ್ಕದಲ್ಲಿ ಮಣ್ಣಿನ ಮಾರ್ಗದ ನಡು ಎತ್ತರ ಇರಲೇಬೇಕು. ಮೂರು ಮೀಟರ್ ಅಗಲಕ್ಕೆ ನಡುವೆ ಆರೇಳು ಸೆಂಟಿಮೀಟರ್ ಉಬ್ಬು, ಬದಿಯಲ್ಲಿ ಕಣಿ. ಗುಂಡಿಗೆ ಸಡಿಲ ಮಣ್ಣು ಸುರಿದರೆ ಮುಂದಿನ ಮಳೆಗೆ ಅದೇ ಗುಂಡಿ ಅಲ್ಲೇ ಹಾಜರು, ಇದನ್ನು ಮುಂಬಯಿಯವರು ಪ್ರತಿ ಜುಲೈಯಲ್ಲಿ ಬೆನ್ನುಮೂಳೆಯಿಂದಲೇ ಕಲಿಯುತ್ತೇವೆ. ಗುಂಡಿಯ ತಳದವರೆಗೂ ಸುತ್ತಲಿನ ನೆಲ ಕೆರೆದು ಹೊಸದಾಗಿ ಹಾಸಬೇಕು. ಆ ಕೆಲಸಕ್ಕೆ ಪೆಟ್ಟಿಗೆ ಒಳ್ಳೆಯದು, ಉಬ್ಬು ತರಲು ಓರೆ ಬ್ಲೇಡು ಒಳ್ಳೆಯದು. ರಾಯರ ರೋಗ ಇರುವುದೇ ಇಲ್ಲಿ: ಎರಡೂ ಒಳ್ಳೆಯದು.

ಅದರ ಮೇಲೆ ಅಗಲದ ಪ್ರಶ್ನೆ. ಐದಡಿಯ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ನಾಲ್ಕೂಕಾಲು ಅಡಿ ಚಿಲ್ಲರೆಗೆ ಇಳಿಯುತ್ತದೆ. ಹಿಂದಿನ ಚಕ್ರದ ಗುರುತು ಅಳಿಯುವಷ್ಟು ಅಗಲ ಉಳಿಯಬೇಕು. ಆರಡಿ ತೆಗೆದುಕೊಂಡರೆ ಭಾರ ಹೆಚ್ಚು, ಸಣ್ಣ ಟ್ರ್ಯಾಕ್ಟರಿನ ಮೂತಿ ಮೇಲೆದ್ದೀತು. ಒಂದು ರಾತ್ರಿ ಹನ್ನೊಂದಕ್ಕೆ ಊರಿಗೆ ಫೋನು ಮಾಡಿ ಚಕ್ರದಿಂದ ಚಕ್ರಕ್ಕೆ ಎಷ್ಟೆಂದು ಕೇಳಿದರು. ಹುಡುಗ ಲುಂಗಿ ಬಿಗಿದು, ಟಾರ್ಚು ಹಿಡಿದು ಕೊಟ್ಟಿಗೆಗೆ ಹೋಗಿ ಅಳೆದು ಹೇಳಿದ. "ಹೊರಮೈಯಿಂದಲೋ ಒಳಮೈಯಿಂದಲೋ?" ಎಂದು ಕೇಳಿದ್ದಕ್ಕೆ ಮತ್ತೆ ಹೋದ.

ಅಕ್ಟೋಬರ್ ಬಂತು. ಮಣ್ಣಿನ ಮಾರ್ಗಕ್ಕೆ ಕೈ ಹಾಕಲು ಅದೇ ಸಮಯ: ಆಟಿಯಲ್ಲಿ ಕೆಸರು, ಮಾರ್ಚಿನಲ್ಲಿ ಮುರಕಲ್ಲಿನ ಮಣ್ಣು ಕಲ್ಲಾಗಿ ಬ್ಲೇಡು ಮೇಲಿಂದಲೇ ಜಾರುತ್ತದೆ.

"ದೊಡ್ಡಪ್ಪ, ಮಣ್ಣು ಹದದಲ್ಲುಂಟು. ಈ ವಾರ ಬಿಟ್ಟರೆ ಮತ್ತೆ ಆಗ್ಲಿಕ್ಕಿಲ್ಲ."

"ತಡಿ ಮಾರಾಯ, ಇನ್ನೊಂದು ಕೊಟೇಶನ್ ಬರ್ಲಿಕ್ಕುಂಟು."

ಹುಡುಗ ತಡೆಯಲಿಲ್ಲ. ಕಂಬಳದ ಅಡ್ಡ ಹಲಗೆ ಓಟ ನೋಡುತ್ತ ಬೆಳೆದವನು. ಗದ್ದೆ ಸಮ ಮಾಡುವ ಹಲಗೆಯನ್ನು ಕೋಣಗಳಿಗೆ ಕಟ್ಟುವುದು ಕಂಡವನಿಗೆ ಟ್ರ್ಯಾಕ್ಟರಿಗೆ ಕಟ್ಟಲು ಕರಪತ್ರ ಬೇಕೆ? ಹಳೆ ಮನೆ ಕೆಡವಿದಾಗ ಉಳಿದ ಕಬ್ಬಿಣದ ತೊಲೆಗೆ ಸರಪಳಿ ಬಿಗಿದು, ಒಂದು ಬದಿ ಉದ್ದ ಬಿಟ್ಟು ಓರೆ ಮಾಡಿ, ಭಾರಕ್ಕೆ ಮೇಲೆ ಎರಡು ಮುರಕಲ್ಲು ಕಟ್ಟಿ, ಹೋಗುತ್ತ ಈ ಅಂಚು, ಬರುತ್ತ ಆ ಅಂಚು ಎಳೆದ. ತಳದವರೆಗೆ ಕೆರೆಯುವ ಕೆಲಸ ತೊಲೆಯಿಂದ ಆಗುವುದಲ್ಲ. ದೊಡ್ಡ ಗುಂಡಿಗಳಿಗೆ ಹಾರೆ ಪಿಕಾಸಿಯೇ ಬೇಕಾಯಿತು. ಸಂಜೆಗೆ ವಿಡಿಯೊ ಮುಲುಂಡಿಗೆ ತಲುಪಿತು.

ರಾಯರು ಸಿಟ್ಟಾಗುತ್ತಾರೆಂದು ಮನೆಯವರು ಹೆದರಿದ್ದರು. ಅವರು ವಿಡಿಯೊ ನಿಲ್ಲಿಸಿ, ಸ್ಕ್ರೀನಿನ ಮೇಲೆ ಮಗಳ ಹಳೆಯ ಕೋನಮಾಪಕ ಇಟ್ಟು ನೋಡಿ, "ಇಪ್ಪತ್ತೈದು ಡಿಗ್ರಿ. ಪರವಾಗಿಲ್ಲ, ನಾನು ಹೇಳಿದ್ದು ಹುಡುಗನ ತಲೆಗೆ ಹೋಗಿದೆ" ಅಂದರು. ಮರುದಿನದಿಂದ ಮುಲುಂಡಿನ ಕನ್ನಡಿಗರಿಗೆಲ್ಲ ಅದು ರಾಯರ ಡಿಸೈನು.

ಬ್ಲೇಡಿನ ಫೈಲು ಮುಚ್ಚಿತೆಂದು ಅವರ ಹೆಂಡತಿ ನಿಟ್ಟುಸಿರು ಬಿಟ್ಟು ರವೆಯ ಡಬ್ಬವನ್ನು ಮತ್ತೆ ಕೆಳಗಿನ ಶೆಲ್ಫಿಗೆ ಇಳಿಸಿದರು. ಎಳೆದ ಮಣ್ಣನ್ನು ಅದುಮದಿದ್ದರೆ ಮುಂದಿನ ಮಳೆಗೆ ಮತ್ತೆ ಕೊಚ್ಚಿಹೋಗುತ್ತದೆಂದು ರಾಯರಿಗೆ ಹೊಳೆದದ್ದು ಅದೇ ರಾತ್ರಿ, ಊಟಕ್ಕೆ ಕೂತಾಗ.

"ಲಟ್ಟಣಿಗೆ ಎಲ್ಲಿಟ್ಟಿದ್ದಿ?"