ಹತ್ತಕ್ಕೆ ಎಂಟು ಅಂಕದ ಆ್ಯಪ್ ಕಾಕಾ

ಬೀಡಿ ಬಿಡುವುದು ಹೇಗೆ ಎಂದು ಲಕ್ಕಲಕಟ್ಟಿಯಲ್ಲಿ ಯಾರನ್ನು ಕೇಳಿದರೂ ಬಸ್‌ಸ್ಟ್ಯಾಂಡ್ ಕಟ್ಟೆಯ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಆ್ಯಪ್ ಕಾಕಾ ಕೂತಿರುತ್ತಾರೆ, ಬೀಡಿ ಸೇದುತ್ತ.

ಅವರಿಗೊಂದು ಹೆಸರೂ ಇದೆ. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಅದಕ್ಕೀಗ ಬೇರೆಲ್ಲೂ ಕೆಲಸವಿಲ್ಲ. ವಯಸ್ಸು ಅರವತ್ತರ ಆಸುಪಾಸು. ನಾಲ್ಕೆಕರೆ ಹೊಲ, ಮಳೆ ಬಂದರೆ ಹೆಸರು, ಇಲ್ಲದಿದ್ದರೆ ಹಿಂಗಾರಿಗೆ ಕಡಲೆ. ಅಂಗಿಯ ಎಡಜೇಬಿನಲ್ಲಿ ಬೀಡಿ, ಬಲಜೇಬಿನಲ್ಲಿ ಫೋನು. ಎರಡನ್ನೂ ಒಟ್ಟಿಗೇ ಹೊರತೆಗೆಯುತ್ತಾರೆ. ಬೀಡಿ ಹೊತ್ತಿಸಿದ ಮೇಲೆ ಅದರ ಕೇಡನ್ನು ಫೋನಿನಲ್ಲಿ ಓದುತ್ತಾರೆ, ಓದಿದ್ದನ್ನು ಪಕ್ಕದವರಿಗೆ ವಿವರಿಸುತ್ತಾರೆ. ವಿವರಿಸುವ ಭರದಲ್ಲಿ ಬೀಡಿ ಆರಿಹೋದರೆ ಕಡ್ಡಿಪೆಟ್ಟಿಗೆ ಕೇಳುತ್ತಾರೆ. ಇಂಥವರು ನಮ್ಮೂರಿಗೆ ಮಾತ್ರ ಸೇರಿದವರಲ್ಲ. ರೋಣದ ಚಹಾದಂಗಡಿಯಲ್ಲೂ ಒಬ್ಬರಿದ್ದಾರೆ, ನರಗುಂದದ ಅಡತಿ ಅಂಗಡಿಯ ಮುಂದೂ ಒಬ್ಬರಿದ್ದಾರೆ. ನಮ್ಮವರ ಫೋನು ಸ್ವಲ್ಪ ದೊಡ್ಡದು, ಅಷ್ಟೇ.

ಎಲ್ಲ ಶುರುವಾದದ್ದು ಒಂದು ಕೆಮ್ಮಿನಿಂದ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, “ಬೀಡಿ ಬಿಡ್ರಿ ಯಜಮಾನ್ರ” ಅಂದರು. ಕಾಕಾಗೆ ಆ ಸಲಹೆ ತೀರ ಸಣ್ಣದೆನಿಸಿತು. ಇಷ್ಟು ವರ್ಷದ ಸಂಬಂಧ ಎರಡು ಮಾತಿಗೆ ಮುಗಿಯುವುದೆ? ಗಜೇಂದ್ರಗಡದಲ್ಲಿ ಪಿಯುಸಿ ಓದುವ ಮೊಮ್ಮಗಳು ಅಜ್ಜನ ಫೋನಿಗೆ ಬೀಡಿ ಬಿಡಿಸುವ ಆ್ಯಪ್ ಇಳಿಸಿಕೊಟ್ಟಳು. ಅದು ಕೇಳುವುದೆಲ್ಲ ಸಿಗರೇಟಿನ ಲೆಕ್ಕ: ಪ್ಯಾಕಿನಲ್ಲಿ ಎಷ್ಟು, ಪ್ಯಾಕಿಗೆ ಎಷ್ಟು ರೂಪಾಯಿ. ಬೀಡಿ ಕಟ್ಟಿನ ಬೆಲೆ ಬರೆದರೆ ಉಳಿತಾಯ ಬಹಳ ಕಡಿಮೆ ತೋರಿಸಿತು. ಕಾಕಾಗೆ ಅವಮಾನವಾಯಿತು. ದುಬಾರಿ ಸಿಗರೇಟಿನ ಬೆಲೆ ತುಂಬಿದರು. ಈಗ ಅವರ ಫೋನಿನ ಪ್ರಕಾರ ಅವರು ಒಂದು ಎತ್ತು ಕೊಳ್ಳುವಷ್ಟು ಉಳಿಸಿದ್ದಾರೆ.

ಮೊದಲ ದಿನ ಆ್ಯಪ್ ಒಂದು ಪದಕ ಕೊಟ್ಟಿತು: ಇಪ್ಪತ್ನಾಲ್ಕು ತಾಸು ಹೊಗೆಯಿಲ್ಲ. ಕಾಕಾ ಅದರ ಫೋಟೋ ಹೊಡೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದರು, ಆ ಖುಷಿಗೆ ಒಂದು ಬೀಡಿ ಹಚ್ಚಿದರು. “ಕಾಕಾ, ಸೇದಿದ್ದನ್ನ ಅದಕ್ಕ ಹೇಳಬೇಕಲ್ಲ?” ಎಂದು ಹುಡುಗರು ಕೇಳಿದರೆ, “ಯಾಕ ಹೇಳಬೇಕಲೇ? ಪಾಪ, ಅದು ಬ್ಯಾಸರ ಮಾಡಕೋತೈತಿ” ಅಂದರು. ಹೀಗೆ ಆ್ಯಪಿನ ಲೆಕ್ಕ ಓಡುತ್ತಲೇ ಇದೆ, ನೂರು ದಿನ ದಾಟಿದೆ. ಪರದೆಯ ಮೇಲೆ ಪುಪ್ಪಸ ಗುಲಾಬಿ ಬಣ್ಣಕ್ಕೆ ತಿರುಗಿದೆ. ಒಂದು ಸಂಜೆ ಕಾಕಾ ತಾವೇ ಒಪ್ಪಿಕೊಂಡರು: “ಫೋನು ಬಿಟ್ಟೈತಿ. ನಾ ಇನ್ನೂ ಬಿಟ್ಟಿಲ್ಲ.”

ಆಮೇಲೆ ಬಂದವಳು ಫ್ಲಾರೆನ್ಸ್. ತಂಬಾಕು ಬಿಡುವವರ ಜೊತೆ ಮಾತಾಡಲೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಕಂಪ್ಯೂಟರ್ ಹೆಣ್ಣುಮಗಳು ಅವಳು. ಪರದೆಯ ಮೇಲೆ ಮುಖ ತೋರಿಸಿ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದಳು. ಕಾಕಾ ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ಕೂತು, ಮೊಮ್ಮಗಳು ಕಲಿಸಿದ ನಾಲ್ಕು ಇಂಗ್ಲಿಷ್ ಮಾತು ಒಪ್ಪಿಸುತ್ತಿದ್ದರು. ಒಳಗಿನಿಂದ ಕಾಕಾನ ಹೆಂಡತಿ ಕಾಕು ಕೇಳಿದರು: “ಯಾರಾಕಿ ಆಕಿ? ಇಷ್ಟೊತ್ತಿನ್ಯಾಗ ಆಕಿ ಕೂಡ ಏನ ಮಾತು?” ಕಾಕಾ, “ಬೀಡಿ ಬಿಡ ಅಂತ ಹೇಳಾಕ ಹತ್ಯಾಳ” ಅಂದರು. “ನಾ ನಲವತ್ತ ವರ್ಷ ಹೇಳಿದ್ದು ಕೇಳಲಿಲ್ಲ, ಆಕಿ ಹೇಳಿದ್ದು ಕೇಳತಿ?” ಫ್ಲಾರೆನ್ಸಳ ಅಧ್ಯಾಯ ಅಲ್ಲಿಗೆ ಮುಗಿಯಿತು.

ಕಾಕಾನ ಜ್ಞಾನವನ್ನು ಮಾತ್ರ ಹಗುರ ಮಾಡುವ ಹಾಗಿಲ್ಲ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ ಎಂದು ಅವರಿಗೆ ಗೊತ್ತು. “ಗಜೇಂದ್ರಗಡದ ಬಸ್ಸಿಗೆ ನಮ್ಮ ಅಗಸಿ ದಾಟಾಕ ಅದಕ್ಕಿಂತ ಹೆಚ್ಚು ಹೊತ್ತ ಬೇಕು” ಅನ್ನುತ್ತಾರೆ. ಬಿಟ್ಟ ಇಪ್ಪತ್ತು ನಿಮಿಷಕ್ಕೆ ಎದೆಬಡಿತ ಇಳಿಯುತ್ತದೆ, ಹನ್ನೆರಡು ತಾಸಿಗೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸರಿಯಾದ ಮಟ್ಟಕ್ಕೆ ಬರುತ್ತದೆ, ಒಂದು ವರ್ಷಕ್ಕೆ ಹೃದಯದ ಕಾಯಿಲೆಯ ಅಪಾಯ ಸೇದುವವರಿಗಿಂತ ಅರ್ಧದಷ್ಟಾಗುತ್ತದೆ. ಇದೆಲ್ಲ ಅವರಿಗೆ ಬಾಯಿಪಾಠ. ಸಂಕಟ ಏನೆಂದರೆ, ಅದೇ ಬಾಯಿಯಲ್ಲಿ ಇನ್ನೂ ಕೆಲವು ಪಾಠಗಳಿವೆ. ನಿಂಬೆಹಣ್ಣಿನ ರಸ ಬಿಸಿನೀರಿಗೆ ಹಿಂಡಿ ಮೂರು ದಿನ ಕುಡಿದರೆ ಪುಪ್ಪಸ ಬೆಳಗಿದ ತಂಬಿಗೆ ಆಗುತ್ತದೆ ಎಂಬುದು ವಾಟ್ಸ್ಆ್ಯಪಿನಲ್ಲಿ ಬಂದದ್ದು. ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ, ಪುಪ್ಪಸಕ್ಕಲ್ಲ. ಇದನ್ನು ಹೇಳಿದರೆ, “ಅದನ್ನೂ ಫೋನಿನ್ಯಾಗ ಓದೀನಿ, ಇದನ್ನೂ ಫೋನಿನ್ಯಾಗ ಓದೀನಿ. ಯಾವದ ಖರೆ ಅಂತ ಫೋನು ಹೇಳಂಗಿಲ್ಲಲ್ಲ?” ಅನ್ನುತ್ತಾರೆ. ನಗುವ ಮಾತಲ್ಲ ಇದು. ಓದಲು ಬರುವವರು ಊರಲ್ಲಿ ಹೆಚ್ಚಾಗಿದ್ದಾರೆ. ಓದಿದ್ದರಲ್ಲಿ ಜೊಳ್ಳು ಯಾವುದು, ಕಾಳು ಯಾವುದು ಎಂದು ತೂರುವುದನ್ನು ಯಾರೂ ಕಲಿಸಿಲ್ಲ.

ಬೀಡಿಯ ಬಗ್ಗೆ ಅವರದೇ ಒಂದು ಸಿದ್ಧಾಂತವೂ ಇದೆ. “ಬೀಡಿ ಜವಾರಿ, ಸಿಗರೇಟ್ ಹೈಬ್ರಿಡ್. ಎಲಿ, ತಂಬಾಕ, ನೂಲು. ಇದರಾಗ ಕೆಮಿಕಲ್ ಎಲ್ಲೈತಿ?” ಜವಾರಿ ಎಂದರೆ ತಲೆಬಾಗುವ ನಾಡು ನಮ್ಮದು, ಕಟ್ಟೆಯ ಮೇಲಿನವರೆಲ್ಲ ತಲೆದೂಗುತ್ತಾರೆ. ಆದರೆ ಬೀಡಿ ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ತಂಬಾಕು ಕಡಿಮೆ ಇದ್ದರೂ ಟಾರು, ಕಾರ್ಬನ್ ಮಾನಾಕ್ಸೈಡು ಒಳಗೆ ಹೋಗುವುದು ಸಿಗರೇಟಿಗಿಂತ ಕಡಿಮೆಯೇನಲ್ಲ, ಹೆಚ್ಚೇ. ಜವಾರಿ ವಿಷವೂ ವಿಷವೇ ಎಂದು ಆ್ಯಪ್ ಹೇಳುವುದಿಲ್ಲ. ಅದಕ್ಕೆ ಬೀಡಿಯೇ ಗೊತ್ತಿಲ್ಲ.

ಇನ್ನೊಂದು ಗುಟ್ಟಿನ ಕಾರಣವಿದೆ, ಗಂಡಸರೆಲ್ಲ ಅದಕ್ಕೆ ಸಾಕ್ಷಿ ಹೇಳುತ್ತಾರೆ: ಬೆಳಿಗ್ಗೆ ಒಂದು ಬೀಡಿ ಬೀಳದೆ ಹೊಟ್ಟೆ ಸಾಫಾಗುವುದಿಲ್ಲ. ಇದು ಪೂರಾ ಸುಳ್ಳೂ ಅಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಕಾಡುವುದೂ ಉಂಟು. ಅದಕ್ಕೆ ನೀರು, ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ನಾಲ್ಕು ಹೆಜ್ಜೆ ನಡಿಗೆ ಸಾಕು. ಕಾಕು ಇದನ್ನು ಯಾವ ಆ್ಯಪೂ ಇಲ್ಲದೆ ಹೇಳುತ್ತ ಬಂದಿದ್ದಾರೆ.

ಬಿಡುವ ಮುಹೂರ್ತ ಯಾವಾಗಲೂ ಸೋಮವಾರ. ಕಾಲಕಾಲೇಶ್ವರನ ವಾರ, ಶಿವನ ಹೆಸರಿನಲ್ಲಿ ಬಿಟ್ಟದ್ದು ಮತ್ತೆ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ. ಹೀಗೆ ಬಿಟ್ಟ ಸೋಮವಾರಗಳನ್ನು ಎಣಿಸಿದರೆ ಒಂದು ಪಂಚಾಂಗ ಮುಗಿಯುತ್ತದೆ. ಕೊನೆಗೊಮ್ಮೆ ಅವರ ಕಣ್ಣು ಬೀಡಿ ಪಾಕೀಟಿನ ಮೇಲಿನ ಅಂಕಿಗಳ ಮೇಲೆ ಬಿತ್ತು: 1800-11-2356. ಇದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಪುಕ್ಕಟೆ. 2018ರ ಸೆಪ್ಟೆಂಬರಿನಿಂದ ತಂಬಾಕಿನ ಎಲ್ಲ ಪಾಕೀಟುಗಳ ಮೇಲೆ ಈ ನಂಬರು ಇದೆ. ಇಷ್ಟು ವರ್ಷ ಕಾಕಾ ಅದನ್ನು ನೋಡಿರಲಿಲ್ಲ, ಏಕೆಂದರೆ ಅವರು ಒಂದೊಂದೇ ಬೀಡಿ ಕೊಳ್ಳುವವರು. ಹಾಗೆ ಬಿಡಿಯಾಗಿ ಮಾರುವುದಕ್ಕೆ ರಾಜ್ಯದ ಕಾನೂನಿನಲ್ಲಿ ಅವಕಾಶವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸೇದುವುದಕ್ಕೂ ಇಲ್ಲ. 2025ರಿಂದ ಅದಕ್ಕೆ ಸಾವಿರ ರೂಪಾಯಿವರೆಗೆ ದಂಡ. ಕಟ್ಟೆಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ನಂಬರು ಸಿಕ್ಕ ಉತ್ಸಾಹದಲ್ಲಿ ಕಾಕಾ ಫೋನ್ ಮಾಡಿದರು. ಅಂದು ಸೋಮವಾರ. ಸಹಾಯವಾಣಿಗೆ ವಾರದ ರಜೆ ಇರುವುದು ಸೋಮವಾರವೇ. “ನೋಡ್ರಿ, ನಾ ಬಿಡಾಕ ಹೋದರ ಸರಕಾರನ ಬಾಗಲಾ ಹಾಕೈತಿ” ಎಂದು ಊರೆಲ್ಲ ಸಾರಿದರು. ಆ ವಾರದಷ್ಟು ನೆಮ್ಮದಿಯಾಗಿ ಅವರು ಎಂದೂ ಬೀಡಿ ಸೇದಿರಲಿಲ್ಲ.

ಮುಂದಿನ ವಾರ ಮೊಮ್ಮಗಳು ತಾನೇ ನಂಬರು ಒತ್ತಿ ಅಜ್ಜನ ಕಿವಿಗೆ ಹಿಡಿದಳು. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ 2016ರಲ್ಲಿ ಶುರುವಾದ ಈ ಸೇವೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸಿಗೂ ಬಂತು. ಅದರಿಂದಾಗಿ ಆ ಕಡೆಯ ದನಿ ಕನ್ನಡದ್ದು.

“ದಿನಕ್ಕೆ ಎಷ್ಟು ಬೀಡಿ ಸೇದ್ತೀರಿ ಸರ್?”

“ನನ್ನ ರೊಕ್ಕದಾಗೋ, ಮಂದಿ ರೊಕ್ಕದಾಗೋ?”

“ಎರಡೂ ಸೇರಿಸಿ ಹೇಳಿ.”

ಕಾಕಾ ಹೇಳಿದರು. ಕಟ್ಟೆಯ ಮೇಲಿನವರು ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

“ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇ ಬೀಡಿ?”

“ಎದ್ದ ಮ್ಯಾಲ ಸೇದಂಗಿಲ್ಲವ್ವಾ. ಸೇದಿದ ಮ್ಯಾಲನ ಏಳತೀನಿ.”

“ಜ್ವರ ಬಂದು ಮಲಗಿದಾಗ?”

“ಹೊಲಕ್ಕ ಹೋಗೂದು ಬಿಡತೀನಿ.”

ಈ ಪ್ರಶ್ನೆಗಳ ಹಿಂದೆ ಸ್ವೀಡನ್ನಿನ ಫಾಗರ್‌ಸ್ಟ್ರಾಮ್ ಎಂಬವರ ಪರೀಕ್ಷೆ ಇದೆ. ಆರು ಪ್ರಶ್ನೆ, ಹತ್ತು ಅಂಕ. ಅಂಕ ಏರಿದಷ್ಟೂ ನಿಕೋಟಿನ್ನಿನ ಹಿಡಿತ ಬಿಗಿ. ಎದ್ದ ಐದು ನಿಮಿಷದೊಳಗೆ ಸೇದುವವರಿಗೆ ಅದೊಂದಕ್ಕೇ ಮೂರು ಅಂಕ. ಕಾಕಾಗೆ ಹತ್ತಕ್ಕೆ ಎಂಟು ಬಂತು. ಏಳನೆಯ ಇಯತ್ತೆಯಲ್ಲಿ ಎರಡು ಸಲ ಕೂತವರಿಗೆ ಇಂಥ ಅಂಕ ಜೀವಮಾನದಲ್ಲಿ ಬಂದಿರಲಿಲ್ಲ. ಫೋನ್ ಇಡುತ್ತಲೇ ಎಲ್ಲರಿಗೂ ಚಹಾ ಹೇಳಿದರು, ಮಿರ್ಚಿಯನ್ನೂ ತರಿಸಿದರು. “ಬೆಂಗಳೂರಿನವರು ಎಂಟು ಕೊಟ್ಟಾರ!” ಎರಡು ದಿನ ಆ ಹುಮ್ಮಸ್ಸಿನಲ್ಲೇ ಇದ್ದರು. ಎಂಟು ಅಂದರೆ ಫೇಲು ಎಂದು ಮೊಮ್ಮಗಳು ಬಿಡಿಸಿ ಹೇಳಿದಾಗ ಮುಖ ಸಣ್ಣದಾಯಿತು. “ಮೊದಲ ಹೇಳಿದ್ರ ಕಡಿಮಿ ಬರಿಸತಿದ್ನಿ.”

ಆದರೆ ಆ ಕಡೆಯ ಹುಡುಗಿ ಬಿಡುವವಳಲ್ಲ. ದಿನ ಗೊತ್ತು ಮಾಡಿಸಿದಳು, ಅದೂ ಸೋಮವಾರ ಅಲ್ಲದ ದಿನ. ಮನೆಯ ಕಡ್ಡಿಪೆಟ್ಟಿಗೆ ಕಾಕುವಿನ ವಶಕ್ಕೆ ಕೊಡಿಸಿದಳು. ಚಟದ ಸೆಳೆತ ಬಂದರೆ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ತಡೆಯಿರಿ, ನೀರು ಕುಡಿಯಿರಿ, ಉದ್ದಕ್ಕೆ ಉಸಿರೆಳೆಯಿರಿ, ಕೈಗೊಂದು ಕೆಲಸ ಕೊಡಿ ಅಂದಳು. ಮೊದಲ ಮೂರು ದಿನ ಕಠಿಣ, ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ, ಎರಡು ನಾಲ್ಕು ವಾರದಲ್ಲಿ ಇಳಿಯುತ್ತದೆ ಎಂದಳು. ಹೇಳಿದ ದಿನ ತಾನೇ ಮತ್ತೆ ಫೋನ್ ಮಾಡಿದಳು. ಕಾಕಾ ಕಂಗಾಲಾದದ್ದು ಇದಕ್ಕೆ. ಆ್ಯಪಿಗೆ ಸುಳ್ಳು ಹೇಳಬಹುದು, “ಅಜ್ಜಾರ, ಹೆಂಗಿದ್ದೀರಿ?” ಎಂದು ಕೇಳುವ ದನಿಗೆ ಹೇಳಲು ನಾಲಿಗೆ ಏಳುವುದಿಲ್ಲ.

ನಡುವೆ ನಿಕೋಟಿನ್ ಚೂಯಿಂಗ್ ಗಮ್ಮಿನ ಪ್ರಯೋಗವೂ ನಡೆಯಿತು. ಕಡಲೆ ತಿಂದಂತೆ ಕಟಕಟ ಅಗಿದು, ರಸ ನುಂಗಿ, ದಿನವಿಡೀ ಬಿಕ್ಕಿದರು. ಅದನ್ನು ನಿಧಾನಕ್ಕೆ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆಯ ಸಂದಿಯಲ್ಲಿಟ್ಟು, ಮತ್ತೆ ಅಗಿಯಬೇಕು. ದವಡೆಗೆ ತಂಬಾಕು ಇಡುವ ನಮ್ಮೂರ ಹಿರಿಯರಿಗೆ ಇದಕ್ಕೆ ತರಬೇತಿಯೇ ಬೇಡ.

ಕಾಕಾನ ಈ ಎಲ್ಲ ಸಂಶೋಧನೆಯ ಫಲ ಉಂಡವರು ಬೇರೆ. ಕುರಿ ಕಾಯುವ ಒಬ್ಬ ಹುಡುಗ, ಅವನ ಹತ್ತಿರ ಇರುವುದು ಗುಂಡಿ ಒತ್ತುವ ಸಾದಾ ಫೋನು. ಕಟ್ಟೆಯ ಮೇಲೆ ಕಾಕಾನ ಉಪನ್ಯಾಸ ಕೇಳಿ ಕೇಳಿ ಒಂದು ದಿನ ಬೀಡಿ ಬಿಟ್ಟ, ಅಷ್ಟೇ. ಪದಕ ಇಲ್ಲ, ಸ್ಟೇಟಸ್ ಇಲ್ಲ. ಇನ್ನೊಬ್ಬರು ಬೀಡಿ ಬಿಟ್ಟು ಸುಣ್ಣ ತಂಬಾಕು ತಿಕ್ಕತೊಡಗಿದರು. ಅದಕ್ಕೆ ಬಿಟ್ಟದ್ದು ಎನ್ನುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕಿನವರು 16.3. ಸಹಾಯವಾಣಿ ಅವರಿಗೂ ಇದೆ.

ಕಾಕಾ ಈಗ ಎಲ್ಲಿದ್ದಾರೆ? ಕಟ್ಟೆಯ ಮೇಲೆಯೇ. ಹೋದ ತಿಂಗಳು ಪರೀಕ್ಷೆ ಮತ್ತೆ ಆಯಿತು, ಹತ್ತಕ್ಕೆ ಐದು. ಬೆಳಗಿನ ಬೀಡಿ ನಿಂತಿದೆ, ಸಂಜೆಯದು ಉಳಿದಿದೆ. ಮಂದಿ ರೊಕ್ಕದ್ದು ಪೂರ್ತಿ ನಿಂತಿದೆ. ಅದನ್ನು ನಿಲ್ಲಿಸಿದವರು ಮಂದಿ. ಬಹಳಷ್ಟು ಜನ ಹಲವು ಸಲ ಬಿಟ್ಟು, ಹಲವು ಸಲ ಹಿಡಿದು, ಆಮೇಲೆಯೇ ಪೂರ್ತಿ ಬಿಡುತ್ತಾರೆ. ಹಾಗಾಗಿ ನಿಮ್ಮೂರಿನ ಕಟ್ಟೆಯ ಮೇಲೂ ಇಂಥವರೊಬ್ಬರು ಇದ್ದರೆ ಅವರ ಫೋನಿನ ಪದಕ ನೋಡಿ ಹೊಗಳಬೇಡಿ, ನಗಲೂ ಬೇಡಿ. ನಂಬರು ಒತ್ತಿ ಕಿವಿಗೆ ಹಿಡಿಯಿರಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಎತ್ತುತ್ತಾರೆ, ಇಂಟರ್ನೆಟ್ ಬೇಕಿಲ್ಲ, ರೊಕ್ಕವೂ ಬೇಕಿಲ್ಲ.